ಅರಾಮಿಕ್ ಕ್ಲಾಸಿನಲ್ಲಿ ಕೂತಿರೋದು ಯಾರು?

ಇವತ್ತಿನ ವಿಷಯ ಅರಾಮಿಕ್ ಅನ್ನೋ ಭಾಷೆ. ಅದನ್ನ ಕಾಲೇಜಲ್ಲಿ ಒಂದು ಕೋರ್ಸ್ ಆಗಿ ಓದೋದು ಅಂದ್ರೇನು, ಯಾರು ಓದ್ತಾರೆ, ಯಾಕೆ ಓದ್ತಾರೆ ಅನ್ನೋದು.

ಕೆಲವು ತಿಂಗಳಿಂದ ನಾನೂ ಫೋನಲ್ಲಿ ಇದರ ಒಂದು ಉಚಿತ ಕೋರ್ಸ್ ಮಾಡ್ತಿದ್ದೀನಿ. ಮನೇಲಿ ಹೇಳಿದಾಗ ಅಮ್ಮ, "ಆರಾಮಾಗಿ ಇರೋದನ್ನ ಕಲಿಯೋಕೂ ಕೋರ್ಸ್ ಬಂತಾ?" ಅಂದ್ರು. ಎರಡನೇ ಪ್ರಶ್ನೆ ನಿಮಗೆ ಗೊತ್ತೇ ಇದೆ: "ಅದರಿಂದ ಏನು ಸಿಗುತ್ತೆ?" ಬಿ.ಕಾಂ ಓದಿದವನು ಈ ಪ್ರಶ್ನೆಯನ್ನ ತಳ್ಳಿಹಾಕೋ ಹಾಗಿಲ್ಲ. ಖರ್ಚು ಎಷ್ಟು, ಲಾಭ ಎಷ್ಟು ಅಂತ ಕೇಳೋದೇ ನಮಗೆ ಕಲಿಸಿರೋದು. ಹಾಗಾಗಿ ಆ ಪ್ರಶ್ನೆಯನ್ನ ಇಟ್ಕೊಂಡೇ ಮಾತಾಡೋಣ. ಆದರೆ ಸ್ವಲ್ಪ ತಿರುಗಿಸಿ: ಯಾರಿಗೆ ಏನು ಸಿಗುತ್ತೆ?

ಅರಾಮಿಕ್ ಅಂದ ತಕ್ಷಣ ತುಂಬಾ ಜನ "ಯೇಸು ಆಡ್ತಿದ್ದ ಭಾಷೆ" ಅಂತಾರೆ. ಸರಿ, ಅದು ನಿಜ. ಆದರೆ ಅದಕ್ಕೂ ಎಷ್ಟೋ ಶತಮಾನ ಮೊದಲೇ ಅದು ಗುಮಾಸ್ತರ ಭಾಷೆ ಆಗಿತ್ತು. ಅಸ್ಸೀರಿಯಾ ಅರಮನೆಗಳ ಕಲ್ಲಿನ ಕೆತ್ತನೆಗಳಲ್ಲಿ ಇಬ್ಬರು ಬರಹಗಾರರು ಅಕ್ಕಪಕ್ಕ ನಿಂತಿರ್ತಾರೆ. ಯುದ್ಧದಲ್ಲಿ ಕೊಳ್ಳೆ ಹೊಡೆದದ್ದನ್ನ ಲೆಕ್ಕ ಬರೀತಿರ್ತಾರೆ. ಒಬ್ಬನ ಕೈಯಲ್ಲಿ ಹಲಗೆ, ಅದರಲ್ಲಿ ಮೊಳೆ ಆಕಾರದ ಹಳೇ ಲಿಪಿ. ಇನ್ನೊಬ್ಬನ ಕೈಯಲ್ಲಿ ಸುರುಳಿ, ಅದರಲ್ಲಿ ಅರಾಮಿಕ್. ಒಂದೇ ಲೆಕ್ಕ, ಎರಡು ಲೆಡ್ಜರ್. ಕೊನೆಗೆ ಗೆದ್ದದ್ದು ಸುರುಳಿ ಹಿಡಿದವನು. 22 ಅಕ್ಷರ, ಬೇಗ ಕಲಿಯಬಹುದು, ಬೇಗ ಬರೆಯಬಹುದು.

ಆಮೇಲೆ ಬಂದ ಪರ್ಷಿಯನ್ ಸಾಮ್ರಾಜ್ಯ ಈಜಿಪ್ಟಿನಿಂದ ಸಿಂಧೂ ನದಿವರೆಗೆ ಹಬ್ಬಿತ್ತು. ಅದರ ಕಚೇರಿ ವ್ಯವಹಾರದ ಭಾಷೆಯೂ ಅರಾಮಿಕ್. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪತ್ರ ಇದೆ. ಕ್ರಿ.ಪೂ. 5ನೇ ಶತಮಾನದ್ದು, ಚರ್ಮದ ಮೇಲೆ ಬರೆದದ್ದು. ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಲೈಬ್ರರಿಯಲ್ಲಿದೆ. ಬರೆಸಿದವನು ಅರ್ಶಾಮ, ಈಜಿಪ್ಟನ್ನು ಆಳ್ತಿದ್ದ ಪರ್ಷಿಯನ್ ಅಧಿಕಾರಿ. ಅವನ ಆಸ್ತಿ ನೋಡ್ಕೊಳ್ಳೋ ಮನುಷ್ಯ ಮೆಸೊಪೊಟೇಮಿಯಾ ಕಡೆಯಿಂದ ಈಜಿಪ್ಟಿಗೆ ಹೊರಟಿದ್ದಾನೆ. ದಾರಿಯ ಪ್ರತಿ ಊರಲ್ಲೂ ಇವನಿಗೆ ದಿನಕ್ಕೆ ಇಷ್ಟು ಹಿಟ್ಟು, ಇಷ್ಟು ದ್ರಾಕ್ಷಾರಸ ಅಥವಾ ಬಿಯರ್, ಒಂದು ಕುರಿ, ಆಳುಗಳಿಗೆ ಹಿಟ್ಟು, ಕುದುರೆಗೆ ಹುಲ್ಲು ಕೊಡಿ ಅಂತ ಆದೇಶ. ಕೊನೆಗೊಂದು ಷರತ್ತು: ಯಾರಾದರೂ ಒಂದೇ ಊರಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿದರೆ, ಆ ಹೆಚ್ಚಿನ ದಿನಗಳಿಗೆ ರೇಷನ್ ಇಲ್ಲ!

ಟಿಎ-ಡಿಎ ಬಿಲ್ಲು ರೀ ಇದು. ಎರಡೂವರೆ ಸಾವಿರ ವರ್ಷದ ಹಿಂದಿನ ಟಿಎ-ಡಿಎ. ಆಡಿಟರ್ ಆಫೀಸಲ್ಲಿ ಆರ್ಟಿಕಲ್‌ಶಿಪ್ ಮಾಡಿದವರಿಗೆ ಆ ಕೊನೇ ಸಾಲಿನ ದನಿ ಚೆನ್ನಾಗಿ ಗೊತ್ತಿರುತ್ತೆ.

ಈಗ ಇದೇ ದಾರಿ ಹಿಡಿದು ನಮ್ಮ ಕಡೆ ಬರೋಣ. ಪರ್ಷಿಯನ್ನರ ಆಳ್ವಿಕೆ ಗಾಂಧಾರದವರೆಗೆ ಇತ್ತಲ್ಲ, ಈಗಿನ ಪಾಕಿಸ್ತಾನ-ಅಫ್ಘಾನಿಸ್ತಾನದ ಕಡೆ. ಅಲ್ಲಿನವರು ಅರಾಮಿಕ್ ಅಕ್ಷರಗಳನ್ನ ತಗೊಂಡು, ನಮ್ಮ ಕಾಗುಣಿತದ ಥರ ಸ್ವರಗಳಿಗೆ ಗೆರೆ ಸೇರಿಸಿ ಖರೋಷ್ಠಿ ಅನ್ನೋ ಲಿಪಿ ಮಾಡ್ಕೊಂಡರು. ಅರಾಮಿಕ್ ಹಾಗೇ ಅದೂ ಬಲದಿಂದ ಎಡಕ್ಕೆ. ಅಶೋಕ ಆ ಭಾಗದಲ್ಲಿ ಶಾಸನ ಹಾಕಿಸಿದಾಗ ಖರೋಷ್ಠಿ ಬಳಸಿದ. ಕಂದಹಾರದಲ್ಲಂತೂ ನೇರವಾಗಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲೇ ಬರೆಸಿದ. ಆ ಬಂಡೆ ಬೆಳಕಿಗೆ ಬಂದದ್ದು 1958ರಲ್ಲಿ.

ಅಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿಗೆ ಬನ್ನಿ. ಚಿತ್ರದುರ್ಗ ಜಿಲ್ಲೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಅಶೋಕನ ಶಾಸನ ಇದೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಪೂರ್ತಿ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಆದರೆ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಅದರ ಜೊತೆಗಿರೋ "ಲಿಪಿಕರೇಣ" ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ! ಅಂದ್ರೆ "ಲಿಪಿಕಾರನಿಂದ". ಬಹುಶಃ ವಾಯವ್ಯದಿಂದ ಬಂದವನು, ಅಥವಾ ಅಲ್ಲಿ ಕಲಿತವನು. ಸುತ್ತಮುತ್ತ ಒಬ್ಬರಿಗೂ ಓದೋಕೆ ಬರದ ಲಿಪಿಯಲ್ಲಿ ತನ್ನ ಕಸುಬನ್ನ ಬರೆದು ಹೋಗಿದ್ದಾನೆ. ಲಿಂಕ್ಡ್‌ಇನ್ ಪ್ರೊಫೈಲಿನ ಸ್ಕಿಲ್ಸ್ ಕಾಲಂ ನೆನಪಾಯ್ತು ನನಗೆ.

ಸರಿ. ಇಷ್ಟು ದೊಡ್ಡದಾಗಿದ್ದ ಭಾಷೆಗೆ ಏನಾಯ್ತು? 7ನೇ ಶತಮಾನದ ನಂತರ ಅರಬ್ಬಿ ಬಂತು. ಕಚೇರಿ, ಸಂತೆ, ಆಮೇಲೆ ಮನೆ, ನಿಧಾನವಾಗಿ ಎಲ್ಲ ಕಡೆ ಅದೇ ಆಯ್ತು. ಅರಾಮಿಕ್ ಉಳಿದದ್ದು ಗುಡ್ಡಗಾಡಿನ ಊರುಗಳಲ್ಲಿ, ಚರ್ಚುಗಳಲ್ಲಿ, ಯಹೂದಿ ಪಾಠಶಾಲೆಗಳಲ್ಲಿ. ಒಂದೊಂದು ಕಡೆ ಒಂದೊಂದು ರೂಪ. ಹಾಗಾಗಿ ಯಾರಾದರೂ "ಅರಾಮಿಕ್ ಓದ್ತಿದ್ದೀನಿ" ಅಂದರೆ ಮೊದಲು ಕೇಳಬೇಕಾದ್ದು, ಯಾವ ಅರಾಮಿಕ್? ತಾಲ್ಮುದ್ ಓದೋ ಯಹೂದಿ ವಿದ್ಯಾರ್ಥಿಗೆ ಬೇಕಾದದ್ದು ಒಂದು. ಪಾದ್ರಿಗೆ ಬೇಕಾದದ್ದು ಇನ್ನೊಂದು.

ಪಾದ್ರಿಯ ಅರಾಮಿಕ್ ಹೆಸರು ಸಿರಿಯಾಕ್. ಇದನ್ನ ಓದೋಕೆ ವಿದೇಶಕ್ಕೆ ಹೋಗಬೇಕಿಲ್ಲ, ಕೊಟ್ಟಾಯಂಗೆ ಹೋದರೆ ಸಾಕು. ಅಲ್ಲಿ ಸೀರಿ ಅಂತ ಕರೆಯೋ ಸೇಂಟ್ ಎಫ್ರೆಮ್ ಸಂಸ್ಥೆ 1985ರಲ್ಲಿ ಶುರುವಾಯ್ತು. ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಅಡಿಯಲ್ಲಿ ಸಿರಿಯಾಕ್‌ನಲ್ಲಿ ಎಂ.ಎ. ಮಾಡಬಹುದು. ಕೇರಳದ ಸುರಿಯಾನಿ ಕ್ರೈಸ್ತರ ಪೂಜೆಯ ಭಾಷೆ ಅದು. ಒಂದು ಪಂಗಡದವರು "ಕುರ್ಬಾನ" ಅಂತಾರೆ, ಇನ್ನೊಂದು ಪಂಗಡದವರು "ಕುರ್ಬಾನೊ". ಪೂರ್ವದ ಉಚ್ಚಾರ, ಪಶ್ಚಿಮದ ಉಚ್ಚಾರ, ಅಷ್ಟೇ ವ್ಯತ್ಯಾಸ. ಒಂದು ಕಾಲಕ್ಕೆ ಮಲಯಾಳಂ ಭಾಷೆಯನ್ನೇ ಸಿರಿಯಾಕ್ ಅಕ್ಷರದಲ್ಲಿ ಬರೀತಿದ್ದರು. 22 ಅಕ್ಷರ ಸಾಲದೆ ಬಂದಾಗ ಕೆಲವನ್ನ ಮಲಯಾಳಂನಿಂದಲೇ ತಂದು ಸೇರಿಸ್ಕೊಂಡರು. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೂ 19ನೇ ಶತಮಾನದ ಕೊನೆಯಿಂದ ಸಿರಿಯನ್ ಆರ್ಥೊಡಾಕ್ಸ್ ಸಮುದಾಯ ಇದೆ. ಆ ಕಡೆಯವರು ಕೇಳ್ತಿದ್ದರೆ ಚರ್ಚಿನಲ್ಲಿ ಕೇಳಿದ ಸಿರಿಯಾಕ್ ಪದಗಳನ್ನ ರೆಕಾರ್ಡ್ ಮಾಡಿ ಕಳಿಸಿ, ಪ್ಲೀಸ್.

ಇದಿಷ್ಟೂ ಹಳೇ ಪುಸ್ತಕದ ಅರಾಮಿಕ್. ಆದರೆ ಇವತ್ತಿಗೂ ಇದನ್ನ ಮನೇಲಿ ಮಾತಾಡೋರು ಇದ್ದಾರಲ್ಲ, ಅವರ ಕಥೆ ಬೇರೆ.

ಯೋನಾ ಸಬಾರ್ ಅಂತ ಒಬ್ಬ ಪ್ರೊಫೆಸರ್. ಹುಟ್ಟಿದ್ದು 1938ರಲ್ಲಿ, ಇರಾಕಿನ ಕುರ್ದಿಸ್ತಾನದ ಜಾಖೋ ಅನ್ನೋ ಊರಲ್ಲಿ. ಅಲ್ಲಿನ ಯಹೂದಿಗಳ ಮನೆಮಾತು ಅರಾಮಿಕ್. 1950-51ರಲ್ಲಿ ಇರಾಕಿನ ಯಹೂದಿಗಳು ಲಕ್ಷಕ್ಕೂ ಮೀರಿ ದೇಶ ಬಿಟ್ಟರು. ಇವರ ಕುಟುಂಬವೂ ಇಸ್ರೇಲಿಗೆ ಹೋಯ್ತು. ಅಲ್ಲಿ ಮಕ್ಕಳೆಲ್ಲ ಹೀಬ್ರೂಗೆ ಬದಲಾದರು. ಮುಂದೆ ಇವರು ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, 2002ರಲ್ಲಿ ತಮ್ಮ ಮನೆಮಾತಿನ ನಿಘಂಟು ತಂದರು. ಅಮ್ಮನ ಬಾಯಲ್ಲಿ ಕೇಳಿದ ಬೈಗುಳ, ಗಾದೆ, ಅಡುಗೆ ಪದ, ಇವೆಲ್ಲ ಬೇರೆ ವಿದ್ವಾಂಸರಿಗೆ ಸಂಶೋಧನೆಯ ವಸ್ತು. ಇವರಿಗೆ ಅದು ಬಾಲ್ಯ. ಇವರ ಮಗ ಏರಿಯಲ್ ಸಬಾರ್ ಅಪ್ಪನ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ, ಸಿಕ್ಕರೆ ಓದಿ.

ಈಗ ಮಾಲೂಲ. ಸಿರಿಯಾ ದೇಶದಲ್ಲಿ, ಡಮಾಸ್ಕಸ್‌ನಿಂದ ಸುಮಾರು 55 ಕಿಲೋಮೀಟರ್. ಬೆಟ್ಟದ ಬಂಡೆಗೆ ಅಂಟಿಕೊಂಡ ಹಾಗಿರೋ ಊರು. ಪಶ್ಚಿಮದ ಅರಾಮಿಕ್ ಉಳಿದದ್ದು ಅಲ್ಲಿ ಮತ್ತು ಪಕ್ಕದ ಜುಬ್ಬದೀನ್, ಬಖಾ ಅನ್ನೋ ಊರುಗಳಲ್ಲಿ, ಒಟ್ಟು ಮೂರೇ ಕಡೆ. ಮಾಲೂಲದಲ್ಲಿ ಕ್ರೈಸ್ತರು ಹೆಚ್ಚು. ಉಳಿದ ಎರಡೂ ಮುಸ್ಲಿಂ ಊರುಗಳು, ಮನೆಮಾತು ಮಾತ್ರ ಅರಾಮಿಕ್ಕೇ. ಭಾಷೆಗೆ ಒಂದು ಧರ್ಮದ ಲೇಬಲ್ ಅಂಟಿಸೋರು ಈ ಎರಡು ಊರುಗಳ ಹೆಸರು ನೆನಪಿಟ್ಕೊಳ್ಳಿ.

2006-07ರ ಸುಮಾರಿಗೆ ಡಮಾಸ್ಕಸ್ ವಿಶ್ವವಿದ್ಯಾಲಯ ಮಾಲೂಲದಲ್ಲೇ ಒಂದು ಅರಾಮಿಕ್ ಸಂಸ್ಥೆ ತೆರೆಯಿತು. ಬಾಯಲ್ಲಿ ಮಾತ್ರ ಇದ್ದ ಭಾಷೆಗೆ ಬರವಣಿಗೆ ಬೇಕಿತ್ತು. ಅದಕ್ಕೆ ಚೌಕಾಕಾರದ ಹಳೇ ಅರಾಮಿಕ್ ಅಕ್ಷರ ಆರಿಸಿದರು. 2010ರಲ್ಲಿ ಗಲಾಟೆ ಶುರುವಾಯ್ತು: ಈ ಅಕ್ಷರ ನೋಡೋಕೆ ಹೀಬ್ರೂ ಥರ ಇದೆಯಲ್ಲ, ಅಂದ್ರೆ ಇಸ್ರೇಲಿನ ಅಕ್ಷರ! ಕೋರ್ಸ್ ನಿಲ್ಲಿಸಿದರು, ಬೋರ್ಡುಗಳನ್ನ ತೆಗೆಸಿದರು. ತಮಾಷೆ ಏನಂದ್ರೆ, ಹೀಬ್ರೂ ಬರೆಯೋಕೆ ಯಹೂದಿಗಳು ಆ ಚೌಕ ಅಕ್ಷರವನ್ನ ತಗೊಂಡದ್ದೇ ಅರಾಮಿಕ್‌ನಿಂದ. ಸಾಲ ಕೊಟ್ಟವನ ಮನೆ ಪಾತ್ರೆಯನ್ನೇ "ಇದು ಪಕ್ಕದ ಮನೆಯದು" ಅಂತ ಹೊರಗೆ ಎಸೆದ ಹಾಗಾಯ್ತು. ನನ್ನ ಪ್ರಕಾರ ಇದು ಶುದ್ಧ ಮೂರ್ಖತನ.

ಅಕ್ಷರದ ಜಗಳ ಮುಗಿಯೋ ಹೊತ್ತಿಗೆ ಯುದ್ಧ ಬಂತು. 2013ರ ಸೆಪ್ಟೆಂಬರಿನಲ್ಲಿ ನುಸ್ರಾ ಉಗ್ರರು ಮಾಲೂಲಕ್ಕೆ ನುಗ್ಗಿದರು. ಜನ ಡಮಾಸ್ಕಸ್‌ಗೆ ಓಡಿದರು. ಸರ್ಕಾರಿ ಪಡೆ ಊರನ್ನ ಮತ್ತೆ ಹಿಡಿದದ್ದು 2014ರ ಏಪ್ರಿಲ್‌ನಲ್ಲಿ. ಬಖಾ ಬಹುಪಾಲು ನೆಲಸಮವಾಯ್ತು. ಯೋಚನೆ ಮಾಡಿ, ಮೂರೇ ಊರಿನ ಭಾಷೆಯಲ್ಲಿ ಒಂದು ಊರು ಹೋದರೆ ಎಷ್ಟು ಹೋಯ್ತು? ಊರು ಬಿಟ್ಟ ಮಕ್ಕಳು ಪಟ್ಟಣದ ಶಾಲೆಯಲ್ಲಿ ಅರಬ್ಬಿ ಮಾತಾಡ್ತಾರೆ. ಅಜ್ಜಿ ಅರಾಮಿಕ್‌ನಲ್ಲಿ ಕರೆದರೆ ಅರಬ್ಬಿಯಲ್ಲಿ "ಬಂದೆ" ಅಂತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ದೃಶ್ಯ ನಿಮಗೆ ಹೊಸದಲ್ಲ. ಆದರೆ ನಮ್ಮದು ಕೋಟಿಗಟ್ಟಲೆ ಜನರ ಭಾಷೆ. ಅವರದು ಹಾಗಲ್ಲ.

ನಾನು ಮಾಡ್ತಿರೋ ಕೋರ್ಸ್ ಸುರಯ್ತ್ ಅನ್ನೋ ರೂಪದ್ದು. ಟರ್ಕಿಯ ಆಗ್ನೇಯದಲ್ಲಿರೋ ತೂರ್ ಅಬ್ದೀನ್ ಪ್ರದೇಶದವರ ಮಾತು. 1915ರ ನರಮೇಧ, ಆಮೇಲಿನ ವಲಸೆ, ಹೀಗೆ ಅವರಲ್ಲಿ ಹೆಚ್ಚಿನವರು ಈಗ ಸ್ವೀಡನ್, ಜರ್ಮನಿ, ನೆದರ್ಲೆಂಡ್ಸ್‌ನಲ್ಲಿದ್ದಾರೆ. ಸ್ವೀಡನ್ನಿನ ಸೊಡರ್ಟೆಲ್ಯೆ ಪಟ್ಟಣದಲ್ಲಿ ಇವರದೇ ಎರಡು ಫುಟ್‌ಬಾಲ್ ಕ್ಲಬ್ ಇವೆ. ಅಲ್ಲಿ ಹುಟ್ಟಿದ ಮಕ್ಕಳಿಗಾಗಿ ಬರ್ಲಿನ್ನಿನ ಫ್ರೀ ಯೂನಿವರ್ಸಿಟಿ ಮುಂದಾಳತ್ವದಲ್ಲಿ ಈ ಆನ್‌ಲೈನ್ ಕೋರ್ಸ್ ತಯಾರಾಯ್ತು. ಸಿರಿಯಾಕ್ ಅಕ್ಷರ, ಲ್ಯಾಟಿನ್ ಅಕ್ಷರ, ಎರಡರಲ್ಲೂ ಇದೆ.

ಕಷ್ಟನಾ? ಅಕ್ಷರ ಒಂದೆರಡು ವಾರ ಕಾಡಿಸುತ್ತೆ. "ದ" ಮತ್ತು "ರ" ಒಂದೇ ಆಕಾರ. ಚುಕ್ಕಿ ಕೆಳಗಿದ್ದರೆ ದ, ಮೇಲಿದ್ದರೆ ರ. ರಾತ್ರಿ ಫೋನ್ ಬ್ರೈಟ್‌ನೆಸ್ ಕಮ್ಮಿ ಇದ್ದರೆ ಮುಗೀತು ಕಥೆ. ಆದರೆ ಪದ ಕಟ್ಟೋ ರೀತಿ ಲೆಕ್ಕದ ಹಾಗಿದೆ. ಕ್-ತ್-ಬ್ ಅನ್ನೋ ಮೂರು ವ್ಯಂಜನ ಅಂದರೆ ಬರವಣಿಗೆ. ಹಳೇ ಸಿರಿಯಾಕ್‌ನಲ್ಲಿ "ಕ್ತಬ್" ಅಂದರೆ ಬರೆದ, "ಕ್ತಾಬಾ" ಅಂದರೆ ಪುಸ್ತಕ. ಅರಬ್ಬಿಯ ಕಿತಾಬ್ ಇದರ ಹತ್ತಿರದ ಸಂಬಂಧಿ. ನಮ್ಮಲ್ಲೂ "ಕಿತಾಬು" ಇದೆ. "ಮಾಮೋನಾ" ಅಂದರೆ ಸಂಪತ್ತು, ಬೈಬಲಿನ "ಮ್ಯಾಮನ್" ಬಂದದ್ದು ಇಲ್ಲಿಂದ. "ಅಬ್ಬಾ" ಅಂದರೆ ಅಪ್ಪ. ನಾವು ಬಿಲ್ ನೋಡಿ ಅನ್ನೋ "ಅಬ್ಬಾ"ಗೂ ಇದಕ್ಕೂ ಸಂಬಂಧ ಇಲ್ಲ, ಮಾಡಬೇಡಿ.

ಈಗ ಅಮ್ಮನ ಪ್ರಶ್ನೆ. ಕೆಲಸ ಸಿಗುತ್ತಾ? ನೇರವಾಗಿ ಹೇಳ್ತೀನಿ: ಚರ್ಚು, ಬೆರಳೆಣಿಕೆಯ ವಿಶ್ವವಿದ್ಯಾಲಯ, ಹಸ್ತಪ್ರತಿ ಸಂಗ್ರಹಾಲಯ. ಅಷ್ಟೇ. ಪ್ಯಾಕೇಜ್ ಲೆಕ್ಕದಲ್ಲಿ ನನಗೆ ಇದು ಹವ್ಯಾಸ. ಆದರೆ ಸೊಡರ್ಟೆಲ್ಯೆಯ ಇಪ್ಪತ್ತರ ಹುಡುಗಿಗೆ ಅದೇ ಪಾಠ ಅಜ್ಜಿ ಜೊತೆ ಫೋನಲ್ಲಿ ಮಾತಾಡೋಕೆ ಇರೋ ದಾರಿ. ಹಾಗಾಗಿ ಹಳೇ ಗ್ರಂಥ ಮಾತ್ರ ಕಲಿಸಿ, ಬದುಕಿರೋ ಮಾತನ್ನ "ಕೆಟ್ಟುಹೋದ ರೂಪ" ಅಂತ ಬದಿಗಿಡೋ ಕೋರ್ಸ್ ನನಗೆ ಹಿಡಿಸಲ್ಲ. ಸೇರೋಕೆ ಮುಂಚೆ ಸಿಲೆಬಸ್ ನೋಡಿ. ಮಾತಾಡೋ ಜನರ ದನಿ ಅದರಲ್ಲಿ ಎಲ್ಲಾದರೂ ಕೇಳಿಸುತ್ತಾ ಅಂತ ನೋಡಿ.

ಶುರು ಮಾಡೋರಿಗೆ ಒಂದು ಟಿಪ್: ಮೊದಲ ವಾರ ವ್ಯಾಕರಣ ಮುಟ್ಟಬೇಡಿ. ದಿನಕ್ಕೆ ನಾಲ್ಕು ಅಕ್ಷರ, ಪೆನ್ನು-ಹಾಳೆಯಲ್ಲಿ, ಬಲದಿಂದ ಎಡಕ್ಕೆ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮೊಳಕಾಲ್ಮೂರು ಕಡೆಯವರು ಚಪಡನ ಬಂಡೆಯ ಫೋಟೋ ಕಳಿಸಿದರೂ ಸಂತೋಷ, ಆದರೆ ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ಉಜ್ಜಬೇಡಿ. ಮುಂದಿನ ವಾರ ಸಿಗೋಣ.