ರೈತನ ಮಗ ಲಾರಿ ಹತ್ತುವ ಮುಂಚೆ

(ಅಷ್ಟೂರಿನಲ್ಲಿ ಕೂಡಿದ ರೈತರ ಮುಂದೆ ಮಾಡಿದ ಭಾಷಣ)



ಪ್ರತಿ ಸಲ ನಾವು ಕೂಡಿದಾಗ ತೊಗರಿ ಬೆಲೆ, ಸೋಯಾ ಬೆಲೆ, ಕಬ್ಬಿನ ಬಾಕಿ, ಇದೇ ಮಾತು. ಇವತ್ತು ಅದನ್ನು ಸ್ವಲ್ಪ ಬದಿಗೆ ಇಡೋಣ ಅಂದರು ಇಲ್ಲಿನ ಹಿರಿಯರು. "ನಮ್ಮ ಹುಡುಗರು ಡ್ರೈವರಕಿ ಹಿಡೀತೀನಿ ಅಂತಾರ, ಲಾರಿ ಮಾಲಕರು ಇವರನ್ನ ನಂಬಂಗಿಲ್ಲ, ಅದಕ್ಕ ಏನು ಮಾಡಬೇಕು ಅನ್ನೋದು ಹೇಳು" ಅಂದರು. ಹೇಳುತ್ತೇನೆ. ಆದರೆ ಬೆಲೆಯ ಮಾತು ಬದಿಗೆ ಇಟ್ಟರೂ ಅದು ಕಾಲಿಗೆ ತೊಡರಿಕೊಂಡೇ ಬರುತ್ತದೆ. 2024-25ರಲ್ಲಿ ಸೋಯಾಕ್ಕೆ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ಆ ವರ್ಷ ಗಾಂಧಿ ಗಂಜಿನಲ್ಲಿ ಅದಕ್ಕಿಂತ ಕೆಳಗೆ ಮಾರಿ ಬಂದವರು ಕೈ ಎತ್ತಿರಿ ಅಂದರೆ ಎಷ್ಟು ಕೈ ಮೇಲೆ ಬರುತ್ತವೆ, ಅದು ನನಗೂ ಗೊತ್ತು, ನಿಮಗೂ ಗೊತ್ತು. ಬೆಲೆ ಸಿಕ್ಕಿದ್ದರೆ ಎಂಟು ಎಕರೆ ಇದ್ದವನ ಮಗ ಹುಮನಾಬಾದ್ ನಾಕಾದ ಹತ್ತಿರ ನಿಂತು "ಕ್ಲೀನರ್ ಕೆಲಸ ಐತೇನ್ರಿ" ಅಂತ ಕೇಳುತ್ತಿರಲಿಲ್ಲ.

ಮೊದಲು ಒಂದು ಮಾತು ಹಿರಿಯರಿಗೆ. ಡ್ರೈವರಕಿ ಅಂದರೆ ನಿಮ್ಮಲ್ಲಿ ಕೆಲವರು ಮುಖ ತಿರುವುತ್ತೀರಿ. "ಹೊಲ ಇದ್ದವರ ಮಗ ಮಂದಿ ಗಾಡಿ ಓಡಸಬೇಕಾ? ನಾಳೆ ಹೆಣ್ಣು ಯಾರು ಕೊಡತಾರ?" ಅನ್ನುತ್ತೀರಿ. ನಾನು ಕೇಳುತ್ತೇನೆ, ಸೊಸೈಟಿ ಸಾಲ ಕಟ್ಟದೆ ಮುಖ ಮರೆಸಿಕೊಂಡು ತಿರುಗುವ ಮನೆಗೆ ಹೆಣ್ಣು ಕೊಡುತ್ತಾರೇನು? ನಮ್ಮ ಜಿಲ್ಲೆಯ ಮೈಮೇಲೆ ಎರಡು ದೊಡ್ಡ ರಸ್ತೆ ಹಾದು ಹೋಗಿವೆ. ಪುಣೆ, ಸೋಲಾಪುರದಿಂದ ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವ 65ನೇ ನಂಬರಿನ ಹೆದ್ದಾರಿ. ನಾಂದೇಡದಿಂದ ಬೀದರ ಮೇಲೆ ಕಲಬುರಗಿ ಕಡೆ ಇಳಿಯುವ 50ನೇ ನಂಬರಿನದು. ಹಗಲೂ ರಾತ್ರಿ ಲಾರಿ ನಿಲ್ಲುವುದಿಲ್ಲ. ನಮ್ಮ ಹುಡುಗ ಕನ್ನಡ ಬಲ್ಲ, ಉರ್ದು ಬಲ್ಲ, ಮರಾಠಿ ಬಲ್ಲ, ಝಹೀರಾಬಾದ್ ದಾಟಿದರೆ ತೆಲುಗೂ ಸಾಗಿಸುತ್ತಾನೆ. ಹಿಂದೂ ಮುಸಲ್ಮಾನ ಇಬ್ಬರೂ ಕೂಡುವ ಅಷ್ಟೂರ ಜಾತ್ರೆಯಲ್ಲಿ ಬೆಳೆದ ಹುಡುಗರಿಗೆ ನಾಲ್ಕು ನಾಡಿನ ಢಾಬಾದಲ್ಲಿ ಕೂತು ಮಾತಾಡುವುದು ಯಾರೂ ಕಲಿಸಬೇಕಾಗಿಲ್ಲ. ಇದೂ ಒಂದು ಬಂಡವಾಳವೇ. ಆದರೆ ಇದು ಯಾವ ಕಾಗದದ ಮೇಲೂ ಬರುವುದಿಲ್ಲ.

ತೊಂದರೆ ಇರುವುದು ಇಲ್ಲಿಯೇ, ಕಾಗದದಲ್ಲಿ. ನಮ್ಮ ಹುಡುಗ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗುತ್ತಾನೆ. ಅಲ್ಲಿ ಕೂತ ಮಾಲಕ ಕೇಳುತ್ತಾನೆ, "ಈ ಹಿಂದ ಎಲ್ಲಿ ಮಾಡೀದಿ? ಎಷ್ಟು ವರ್ಷ? ನಡುವ ಎರಡು ವರ್ಷ ಏನು ಮಾಡ್ತಿದ್ದಿ?" ಹುಡುಗ ತಲೆ ಕೆಳಗೆ ಹಾಕುತ್ತಾನೆ. ಯಾಕೆ ಹಾಕಬೇಕು? ಲೆಕ್ಕ ತೆಗೆಯಿರಿ. 2015-16ರ ಬರ. ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ವರ್ಷ ಅದು. ಆಗ ಹೊಲ ಬೀಳು ಬಿಟ್ಟು ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರು. ಸ್ವಲ್ಪ ನೆಲೆ ಕಂಡಿತು ಅನ್ನುವಾಗ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಗಂಟು ಹೊತ್ತು ನಡೆದು ಬಂದರು. ಬಂದವರು ಹೊಲಕ್ಕೆ ಇಳಿದರು. 2023ರಲ್ಲಿ ಮತ್ತೆ ರಾಜ್ಯಕ್ಕೆಲ್ಲ ಬರ. ಮತ್ತೆ ಹೊರಗೆ. ಇದನ್ನು ಮಾಲಕ "ಒಂದು ಕಡೆ ನಿಲ್ಲದ ಹುಡುಗ" ಅನ್ನುತ್ತಾನೆ. ಮಳೆ ನಿಲ್ಲಲಿಲ್ಲ, ಬೆಲೆ ನಿಲ್ಲಲಿಲ್ಲ, ಹುಡುಗ ಒಬ್ಬನೇ ಹೇಗೆ ನಿಂತಾನು!

ಹೀಗಾಗಿ ತಮ್ಮಂದಿರೆ, ನಡುವಿನ ವರ್ಷಗಳನ್ನು ಮುಚ್ಚಿಡಬೇಡಿ. ಸುಳ್ಳು ಹೆಸರು ಹೇಳಿ "ಅಲ್ಲಿ ಐದು ವರ್ಷ ಓಡಿಸೇನಿ" ಅನ್ನಬೇಡಿ. ಲಾರಿ ಲೈನಿನಲ್ಲಿ ಒಬ್ಬ ಇನ್ನೊಬ್ಬನಿಗೆ ಫೋನು ಮಾಡಿದರೆ ಚಹಾ ಆರುವುದರೊಳಗೆ ನಿಜ ಹೊರಗೆ ಬರುತ್ತದೆ. ಇದ್ದದ್ದು ಇದ್ದಂಗೆ ಹೇಳಿರಿ, ಇಂಥ ವರ್ಷ ಬರ, ಇಂಥ ವರ್ಷ ಅಪ್ಪನ ಆಪರೇಷನ್, ಇಂಥ ವರ್ಷ ಹೊಲ ಮಾಡಿದೆ. ಹೊಲ ಮಾಡುವುದೂ ಕೆಲಸವೇ. ಅದನ್ನು ನಾವೇ "ಖಾಲಿ ಇದ್ದೆ" ಅಂತ ಹೇಳುವ ರೂಢಿ ಬಿಡಬೇಕು.

ಇನ್ನು ಮಾಡಿದ ಕೆಲಸವೇ ಕಾಗದದ ಮೇಲೆ ಬರದ ಕತೆ. ನಮ್ಮ ಕಡೆ ಕಬ್ಬಿನ ಹಂಗಾಮು ಬಂತೆಂದರೆ ಇಮಾಮಪುರದ ನಾರಂಜಾ ಕಾರಖಾನೆಗೆ, ಭಾಲ್ಕಿ ಕಡೆಯವರು ಹುಣಜಿಯ ಕಾರಖಾನೆಗೆ ಕಬ್ಬು ಸಾಗಿಸುತ್ತಾರೆ. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು, ರಾತ್ರಿ ಚಳಿಯಲ್ಲಿ ಓಡಿಸುವವನು ಹತ್ತೊಂಬತ್ತು ವರ್ಷದ ಹುಡುಗ. ನಾಲ್ಕು ಹಂಗಾಮು ಓಡಿಸಿರುತ್ತಾನೆ, ಕೈ ಪಳಗಿರುತ್ತದೆ. ಲೈಸೆನ್ಸು ಕೇಳಿದರೆ ಇಲ್ಲ! ಅಂದರೆ ಸರಕಾರದ ಲೆಕ್ಕದಲ್ಲಿ ಅವನು ಒಂದು ದಿನವೂ ಸ್ಟೇರಿಂಗು ಹಿಡಿದಿಲ್ಲ. ಅಷ್ಟೇ ಅಲ್ಲ, ಟ್ರ್ಯಾಕ್ಟರಿನ ಮಾಲಕರೇ, ಇದು ನಿಮ್ಮ ಕೊರಳಿಗೆ ಬರುವ ಮಾತು, ಕಿವಿ ಇತ್ತ ಕೊಡಿ. ಲೈಸೆನ್ಸು ಇಲ್ಲದ ಅಳಿಯನೋ ತಮ್ಮನ ಮಗನೋ ನಿಮ್ಮ ಟ್ರ್ಯಾಕ್ಟರು ಓಡಿಸಿ ಯಾರದೋ ಜೀವ ಹೋದರೆ, ವಿಮಾ ಕಂಪನಿ ಕೋರ್ಟಿನಲ್ಲಿ "ನಮಗೆ ಸಂಬಂಧ ಇಲ್ಲ" ಅನ್ನುತ್ತದೆ. ಕೋರ್ಟು ಕೊಡಿಸಿದರೂ ಆ ಹಣ ಕೊಟ್ಟು ಹಿಂದಿನಿಂದ ಮಾಲಕನ ಮೇಲೆ ವಸೂಲಿಗೆ ಬರುತ್ತದೆ. ವಿಮೆ ಕಟ್ಟಿದ ಚೀಟಿ ಮನೆಯಲ್ಲಿ ಇರುತ್ತದೆ, ಹೊಲ ಮಾತ್ರ ಹೋಗುತ್ತದೆ.

ಅದಕ್ಕೆ ಕಾಗದ ಮೊದಲು, ಗಾಡಿ ಆಮೇಲೆ. 18 ತುಂಬಿದ ಕೂಡಲೇ ಲಘು ವಾಹನದ ಲೈಸೆನ್ಸು ಮಾಡಿಸಿರಿ. ಕಲಿಯುವ ಲೈಸೆನ್ಸು ತೆಗೆದು 30 ದಿನ ಆದಮೇಲೆ ಪರೀಕ್ಷೆ. ಬಾಡಿಗೆಯ ವಾಹನ, ಅಂದರೆ ಸಾರಿಗೆ ವಾಹನ ಓಡಿಸಲಿಕ್ಕೆ 20 ತುಂಬಿರಬೇಕು. ಲಘು ವಾಹನದ ಲೈಸೆನ್ಸು ಕೈಯಲ್ಲಿ ಇದ್ದು ಒಂದು ವರ್ಷ ಆಗುವ ತನಕ ಲಾರಿಯ ಕಲಿಯುವ ಲೈಸೆನ್ಸು ಕೊಡುವುದಿಲ್ಲ. ಇದು 1988ರ ಮೋಟಾರು ವಾಹನ ಕಾಯ್ದೆ. ಇವತ್ತು ಲೈಸೆನ್ಸು ಮಾಡಿಸದವನು ಬರುವ ವರ್ಷ ಲಾರಿಗೆ ಅರ್ಜಿ ಹಾಕಲಾರ. ಒಂದು ವರ್ಷದ ಸೋಮಾರಿತನಕ್ಕೆ ಇನ್ನೊಂದು ವರ್ಷ ದಂಡ.

"ನಾನು ಏಳನೇತ್ತಕ್ಕೇ ಸಾಲಿ ಬಿಟ್ಟೀನಿ, ನನಗ ಲಾರಿ ಲೈಸೆನ್ಸು ಕೊಡಂಗಿಲ್ಲ" ಅನ್ನುವವರು ಇನ್ನೂ ಇದ್ದಾರೆ. ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ನಿಯಮ ಮೊದಲು ಇತ್ತು, ನಿಜ. 2019ರಲ್ಲಿ ಕೇಂದ್ರ ಸರಕಾರ ಅದನ್ನು ತೆಗೆದು ಹಾಕಿತು. ಆ ನಿಯಮದ ಹೆಸರು ಹೇಳಿ ನಿಮ್ಮಿಂದ ಯಾವನಾದರೂ ಏಜೆಂಟ ಹೆಚ್ಚಿನ ರೊಕ್ಕ ಕೇಳಿದರೆ ಕೊಡಬೇಡಿ. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು ಬೇಕು, ಡಾಕ್ಟರರ ಸರ್ಟಿಫಿಕೇಟು ಬೇಕು, ಅದು ಖರೆ. ಕಣ್ಣು ಸರಿ ಇಲ್ಲದಿದ್ದರೆ ಮೊದಲೇ ತೋರಿಸಿಕೊಂಡು ಚಷ್ಮಾ ಹಾಕಿರಿ, ಡಾಕ್ಟರರಿಗೆ ಕೈ ಬೆಚ್ಚಗೆ ಮಾಡಿ ಬರೆಸಿಕೊಂಡು ಬರಬೇಡಿ. ರಾತ್ರಿ ಎದುರಿನ ಲಾರಿಯ ಲೈಟಿಗೆ ಆ ಚೀಟಿ ತೋರಿಸಲಿಕ್ಕೆ ಆಗುವುದಿಲ್ಲ.

ಲಾರಿಗೇ ಜಿಗಿಯಬೇಕೆಂದೇನೂ ಇಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಲಘು ವಾಹನದ ಲೈಸೆನ್ಸು ಇದ್ದವನು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಪರವಾನಗಿ ಬೇಡ ಅಂತ. ಕಾಯಿಪಲ್ಯ, ಹಾಲು, ಕಿರಾಣಿ ಸಾಗಿಸುವ ಸಣ್ಣ ಪಿಕಪ್ ಗಾಡಿ ಇದರಲ್ಲಿ ಬರುತ್ತವೆ. ಹೆಸರಿಲ್ಲದ ಹುಡುಗನಿಗೆ ಹತ್ತು ಚಕ್ರದ ಲಾರಿ ಯಾರೂ ಕೊಡುವುದಿಲ್ಲ, ಸಣ್ಣ ಗಾಡಿ ಕೊಡುತ್ತಾರೆ. ಅದರಲ್ಲಿ ಒಂದು ವರ್ಷ ನಿಂತರೆ ಮುಂದಿನ ಮಾಲಕನಿಗೆ ಹೇಳಲಿಕ್ಕೆ ಒಂದು ಹೆಸರು ಆಯಿತು.

ಮೊದಲು ಓಡಿಸುತ್ತಿದ್ದು ನಡುವೆ ಬಿಟ್ಟವರು ಇನ್ನೊಂದು ನೋಡಬೇಕು. ಸಾರಿಗೆ ವಾಹನದ ಲೈಸೆನ್ಸು ಮೊದಲು ಮೂರು ವರ್ಷಕ್ಕೆ ಇತ್ತು, 2019ರ ತಿದ್ದುಪಡಿಯಲ್ಲಿ ಐದು ವರ್ಷ ಆಯಿತು. ಮುದ್ದತು ಮುಗಿದ ಮೇಲೆ ಒಂದು ವರ್ಷದ ಒಳಗೆ ಹೋದರೆ ನವೀಕರಣ ಆಗುತ್ತದೆ. ವರ್ಷ ದಾಟಿತೋ, ಮತ್ತೆ ಪರೀಕ್ಷೆ. ಹೊಲದಲ್ಲಿ ಇದ್ದರೂ ಸರಿ, ಮುಂಬಯಿಯಲ್ಲಿ ಇದ್ದರೂ ಸರಿ, ಲೈಸೆನ್ಸಿಗೆ ನೀರು ಬಿಡುತ್ತಾ ಇರಬೇಕು, ಒಣಗಲಿಕ್ಕೆ ಬಿಡಬಾರದು.

ಇನ್ನು ಒಂದು ಹತ್ತು ರೂಪಾಯಿಯ ನೋಟುಬುಕ್ಕು ಇಡಿರಿ. ತಾರೀಖು, ಗಾಡಿ ನಂಬರು, ಎಲ್ಲಿಂದ ಎಲ್ಲಿಗೆ, ಏನು ಲೋಡು, ಮಾಲಕರ ಫೋನು. ಕೆಲಸ ಬಿಡುವಾಗ ಜಗಳಾಡಿ ಚಾವಿ ಒಗೆದು ಬರಬೇಡಿ. "ಇಂಥವನು ನನ್ನಲ್ಲಿ ಇಷ್ಟು ತಿಂಗಳು ಗಾಡಿ ಓಡಿಸಿದ್ದಾನೆ" ಅಂತ ಎರಡು ಸಾಲು ಬರೆಸಿ ಸಹಿ ಮಾಡಿಸಿಕೊಳ್ಳಿ. ಏಳು ತಿಂಗಳಾದರೆ ಏಳು ತಿಂಗಳೇ ಬರಲಿ. ಇಂಥ ನಾಲ್ಕು ಚೀಟಿ ಕೂಡಿದರೆ ಚೂರು ಚೂರು ಕೆಲಸ ಒಂದು ಬುತ್ತಿ ಆಗುತ್ತದೆ.

ಈಗ ಮೃಗಶಿರ ಮಳೆಯ ಮಾತು. ಮಾಲಕರು ನಮ್ಮ ಹುಡುಗರ ಮೇಲೆ ಹೇಳುವ ದೊಡ್ಡ ತಕರಾರು ಇದೇ: ಜೂನ ಬಂತೆಂದರೆ ಹೇಳದೆ ಕೇಳದೆ ಗಾಡಿ ಬಿಟ್ಟು ಊರಿಗೆ ಓಡುತ್ತಾರೆ. ತಕರಾರು ಸುಳ್ಳಲ್ಲ. ಬಿತ್ತಿಗೆ ಬಂದಾಗ ಅಪ್ಪ ಫೋನು ಮಾಡಿ "ನಾಳೆ ಬಾ" ಅನ್ನುತ್ತಾನೆ, ಲೋಡು ತುಂಬಿದ ಗಾಡಿ ಸೋಲಾಪುರದಲ್ಲಿ ನಿಂತಿರುತ್ತದೆ. ಕೆಲಸಕ್ಕೆ ಸೇರುವ ದಿನವೇ ಹೇಳಿರಿ, "ಸಾವ್ಕಾರ, ಜೂನದಾಗ ನನಗ ಹದಿನೈದು ದಿನ ಬೇಕು. ಉಳಿದ ದಿನ ನಿಮ್ಮ ಗಾಡಿ ಬಿಡಂಗಿಲ್ಲ." ಇದನ್ನು ಒಪ್ಪುವ ಮಾಲಕರು ಇದ್ದಾರೆ, ಯಾಕೆಂದರೆ ಅವರ ಲೆಕ್ಕವೂ ಇದೇ ಪಂಚಾಂಗ. ಸೋಯಾ ಮಾಲು ಗಂಜಿಗೆ ಬರುವುದು ದಸರಾ ದೀಪಾವಳಿಗೆ, ಆಮೇಲೆ ಕಬ್ಬು, ಸಂಕ್ರಾಂತಿ ಹೊತ್ತಿಗೆ ತೊಗರಿ. ಆಗ ಡ್ರೈವರ ಸಿಗದೆ ಒದ್ದಾಡುತ್ತಾರೆ. ಮಳೆಗಾಲದಲ್ಲಿ ಗೊಬ್ಬರದ ಲೋಡು ಬಿಟ್ಟರೆ ಗಾಡಿ ನಿಂತೇ ಇರುತ್ತವೆ. ಹೊಲ ಮತ್ತು ಲಾರಿ ಎರಡೂ ಒಂದೇ ವರ್ಷದಲ್ಲಿ ಹಿಡಿಸುತ್ತವೆ, ಮೊದಲೇ ಮಾತು ಆಗಿರಬೇಕು ಅಷ್ಟೇ. ಅಪ್ಪಂದಿರೂ ಒಂದು ವಾರ ಮೊದಲೇ ಫೋನು ಮಾಡುವುದು ಕಲಿಯಬೇಕು.

ಮುಂಗಡದ ವಿಷಯ. ಮಾಲಕ ಮಗಳ ಮದುವೆಗೆ, ಬೀಜಕ್ಕೆ ಅಂತ ಮುಂಗಡ ಕೊಡುತ್ತಾನೆ. ಕೊಡುವಾಗ ದೇವರು. ಆಮೇಲೆ ಲೈಸೆನ್ಸು, ಆಧಾರ ಕಾರ್ಡು ತನ್ನ ಕಪಾಟಿನಲ್ಲಿ ಇಟ್ಟುಕೊಂಡು "ತೀರುವ ತನಕ ಬೇರೆ ಕಡೆ ಹೋಗೋ ಹಂಗಿಲ್ಲ" ಅನ್ನುವವರೂ ಇದ್ದಾರೆ. ಸಾಲದ ಹೆಸರಿನಲ್ಲಿ ಒಬ್ಬನನ್ನು ಬೇರೆ ಕೆಲಸಕ್ಕೆ ಹೋಗದಂತೆ ಕಟ್ಟಿ ಹಾಕುವುದು 1976ರ ಜೀತ ಪದ್ಧತಿ ರದ್ದು ಕಾಯ್ದೆಯ ಪ್ರಕಾರ ಅಪರಾಧ. ಜೀತ ಅಂದರೆ ಎತ್ತು ಕಾಯುವುದು ಒಂದೇ ಅಲ್ಲ. ಲೈಸೆನ್ಸು ನಿಮ್ಮ ಕಿಸೆಯಲ್ಲೇ ಇರಲಿ. ಮಾಲಕನಿಗೆ ಝೆರಾಕ್ಸು ಸಾಕು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಇರುವ ಮಾತು. ಆರು ತಿಂಗಳು ಓಡಿಸಿದ ಮಗ ಬಂದು "ಅಪ್ಪಾ, ಮಂದಿ ಗಾಡಿ ಯಾಕ, ನಮ್ಮದೇ ಒಂದು ತೊಗೊಳ್ಳೋಣ" ಅನ್ನುತ್ತಾನೆ. ಅಪ್ಪನಿಗೂ ಆಸೆ. ಹೊಲದ ಪಹಣಿ ಹಿಡಿದು ನಡೆಯುತ್ತಾರೆ. ಸ್ವಲ್ಪ ನಿಲ್ಲಿರಿ, ಲೆಕ್ಕ ಮಾಡೋಣ. ಬೀದರದಿಂದ ಹೈದರಾಬಾದಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 280 ಕಿಲೋಮೀಟರು. ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರು ಕೊಟ್ಟಿತು ಅನ್ನಿ, 70 ಲೀಟರು. ಲೀಟರಿಗೆ 90 ರೂಪಾಯಿ ಹಿಡಿದರೂ 6,300 ರೂಪಾಯಿ ಬರೀ ಡೀಸೆಲಿಗೆ. ಬರುವಾಗ ಲೋಡು ಸಿಗಲಿಲ್ಲ ಅಂದರೆ ಇದರಲ್ಲಿ ಅರ್ಧ ರಸ್ತೆಗೆ ಸುರಿದಂತೆ. ಇದರ ಮೇಲೆ ಟೋಲು, ಟಾಯರು, ವಿಮೆ, ಮೂರು ತಿಂಗಳಿಗೊಮ್ಮೆ ತೆರಿಗೆ, ಫಿಟ್‌ನೆಸ್, ಹಮಾಲಿ, ಡ್ರೈವರನ ಭತ್ತೆ. ಎಂಟು ವರ್ಷ ದಾಟಿದ ಹಳೇ ಗಾಡಿಗೆ ಫಿಟ್‌ನೆಸ್ ವರ್ಷ ವರ್ಷ ಮಾಡಿಸಬೇಕು. ಮತ್ತೆ ಕಂತು. ಕಂತಿಗೆ ಮಳೆಗಾಲ ಗೊತ್ತಿಲ್ಲ.

ಬಾಡಿಗೆ ದರ ಯಾರು ಕಟ್ಟುತ್ತಾರೆ? ಲಾರಿ ಇದ್ದವನಲ್ಲ, ಲೋಡು ಕೊಡುವವನು. ತೊಗರಿ ಬೆಲೆ ಯಾರು ಕಟ್ಟುತ್ತಾರೆ? ಬೆಳೆದವನಲ್ಲ, ಕೊಳ್ಳುವವನು. ಒಂದು ಕಡೆ ಬೆಲೆ ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಸೋತು, ಇನ್ನೊಂದು ಕಡೆಯೂ ಬೆಲೆ ಕೈಯಲ್ಲಿ ಇಲ್ಲದ ಧಂದೆಗೆ ಹೊಲ ಒತ್ತೆ ಇಟ್ಟು ಇಳಿದರೆ ಹೇಗೆ? ಎರಡು ವರ್ಷ ಮಂದಿ ಗಾಡಿ ಓಡಿಸಲಿ. ಮರಳಿ ಬರುವಾಗ ಲೋಡು ಎಲ್ಲಿ ಸಿಗುತ್ತದೆ, ಯಾವ ಆಫೀಸಿನವನು ಬಾಡಿಗೆ ರೊಕ್ಕ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾನೆ, ಇವೆಲ್ಲ ಅವನ ನೋಟುಬುಕ್ಕಿನಲ್ಲಿ ಬರಲಿ. ಆಮೇಲೂ ಕೊಳ್ಳುವುದಾದರೆ ಸಾಲಕ್ಕೆ ಗಾಡಿಯೇ ಜಾಮೀನು ಇರಲಿ, ಹೊಲ ಬೇಡ. ಕಂತು ತಪ್ಪಿದರೆ ಗಾಡಿ ಹೋಗುತ್ತದೆ, ಹೋಗಲಿ. ಅದನ್ನೂ ರಸ್ತೆ ಮೇಲೆ ಗೂಂಡಾಗಳನ್ನು ಬಿಟ್ಟು ಕಸಿಯುವಂತಿಲ್ಲ ಅಂತ 2007ರಲ್ಲೇ ಸುಪ್ರೀಂ ಕೋರ್ಟು ಬ್ಯಾಂಕಿಗೆ ಹೇಳಿದೆ. 2002ರ ಸರ್ಫೇಸಿ ಕಾಯ್ದೆಯಲ್ಲಿ ಕೋರ್ಟಿಗೆ ಹೋಗದೆ ಸಾಗುವಳಿ ಭೂಮಿ ಹರಾಜು ಹಾಕಲಿಕ್ಕೆ ಬರುವುದಿಲ್ಲ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಸರಿ. ಆದರೆ ಕೋರ್ಟಿನ ದಾರಿ ತೆರೆದೇ ಇದೆ. ಖಾಸಗಿ ಸಾಹುಕಾರನಂತೂ ಒತ್ತೆ ಅಂತ ಹೇಳಿ ಖರೀದಿ ಪತ್ರವನ್ನೇ ಬರೆಸಿಕೊಂಡಿರುತ್ತಾನೆ.

ಹೋಗುವ ಮುಂಚೆ ಎರಡು ಸಣ್ಣ ಮಾತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ ಎಂಟು ಗಂಟೆ ಅಂತ ಬರೆದಿತ್ತು. ರಸ್ತೆ ಮೇಲೆ ಅದನ್ನು ಕಂಡವರು ಯಾರೂ ಇಲ್ಲ. ನಿದ್ದೆ ಬಂದರೆ ಗಾಡಿ ಬದಿಗೆ ಹಾಕಿ ಮಲಗಿರಿ, ಮಾಲಕ ಬೈದರೆ ಬೈಯಲಿ. ಅಪಘಾತ ಆದರೆ ಜನರಿಗೆ ಅಂಜಿ ಊರಿಗೆ ಓಡಿ ಬರಬೇಡಿ, ಹತ್ತಿರದ ಪೊಲೀಸ್ ಠಾಣೆಗೆ ಹೋಗಿರಿ. ಖಾಸಗಿ ವಾಣಿಜ್ಯ ವಾಹನದ ಡ್ರೈವರರಿಗೆ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಅಪಘಾತ ಪರಿಹಾರ ಯೋಜನೆ ಇದೆ, ಸತ್ತರೆ ಮನೆಯವರಿಗೆ 5 ಲಕ್ಷ ರೂಪಾಯಿ. ಯಾರಿಗೂ ಅದು ಬೇಡದಿರಲಿ. ಆದರೆ ಲೈಸೆನ್ಸು ಕೈಗೆ ಬಂದ ಮೇಲೆ ಆ ಆಫೀಸಿಗೆ ಹೋಗಿ ವಿಚಾರಿಸಿ, ಮನೆಯಲ್ಲಿ ಹೆಂಡತಿಗೂ ತಾಯಿಗೂ ಅದನ್ನು ಹೇಳಿ ಇಡಿರಿ.

ಈಗ ಊಟಕ್ಕೆ ಕರೆಯುತ್ತಿದ್ದಾರೆ. ಲೈಸೆನ್ಸು ಇದ್ದವರು ತೆಗೆದು ತಾರೀಖು ನೋಡಿಕೊಳ್ಳಿ. ಮುದ್ದತು ಮುಗಿದವರು ಊಟ ಆದಮೇಲೆ ಕಟ್ಟೆಯ ಹತ್ತಿರ ಬನ್ನಿ, ವರ್ಷ ದಾಟಿದೆಯೋ ಇಲ್ಲವೋ ಕೂತು ಲೆಕ್ಕ ಹಾಕೋಣ. ದಾಟಿರದಿದ್ದವರನ್ನು ಈ ಸೋಮವಾರವೇ ಬೀದರಿಗೆ ಕರೆದುಕೊಂಡು ಹೋಗುತ್ತೇನೆ.