ಚೆಂಡಿನ ಯಂತ್ರಕ್ಕೊಂದು ಅಟ್ಟಣೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲಭೈರವೇಶ್ವರನ ಈ ಊರಿನಲ್ಲಿ ನಿಂತು ಟೆನಿಸ್ ಮಾತಾಡಿದರೆ ನಿಮಗೆ ನಗು ಬರಬಹುದು. ಟೆನಿಸ್ ಚೆಂಡು ಎಂದರೆ ನಮಗೆ ಕ್ರಿಕೆಟ್ ಚೆಂಡೇ. ಆದರೆ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ ನಮ್ಮ ಕೊಡಗಿನವರು. ಆಗ ಅವರಿಗೆ 43 ವರ್ಷ. ಹಾಗಾಗಿ ಈ ಆಟ ನಮ್ಮದಲ್ಲ ಎನ್ನಬೇಡಿ.

ನಾವು ಕೆಲವು ಗೆಳೆಯರು ಸೇರಿ ಕೈಬದಲಾದ ಒಂದು ಚೆಂಡೆಸೆಯುವ ಯಂತ್ರ ತಂದಿದ್ದೇವೆ. ಎದುರು ಬದುರು ತಿರುಗುವ ಎರಡು ಗಾಲಿಗಳು ಚೆಂಡನ್ನು ಹಿಸುಕಿ ಎಸೆಯುತ್ತವೆ, ಅಷ್ಟೆ. ಫ್ರಾನ್ಸಿನ ರೆನೆ ಲಾಕೋಸ್ಟ್ ಎಂಬ ಆಟಗಾರರು 1920ರ ದಶಕದಲ್ಲೇ ಅಭ್ಯಾಸಕ್ಕಾಗಿ ಚೆಂಡೆಸೆಯುವ ಯಂತ್ರ ಮಾಡಿಕೊಂಡಿದ್ದರು.

ತೊಂದರೆ ಏನೆಂದರೆ, ಯಂತ್ರದ ಬಾಯಿ ನೆಲದಿಂದ ಒಂದೂವರೆ ಅಡಿಯಲ್ಲಿದೆ. ಸರ್ವ್ ಮಾಡುವವರು ಚೆಂಡು ಹೊಡೆಯುವುದು ಸುಮಾರು 9 ಅಡಿಯಲ್ಲಿ. ಕೆಳಗಿನಿಂದ ಮೇಲೆದ್ದು ಬರುವ ಚೆಂಡಿಗೆ ಪಳಗಿದ ಮಗು, ಮೇಲಿನಿಂದ ಇಳಿದು ಬರುವ ಚೆಂಡಿಗೆ ತಬ್ಬಿಬ್ಬಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಅಟ್ಟಣೆ ಬೇಕು.

ನಾನು ವೆಲ್ಡಿಂಗ್ ಕೆಲಸದವನು. ಮೊದಲು ದುಡುಕಿ ಏಳೂವರೆ ಅಡಿ ಸ್ಟ್ಯಾಂಡ್ ಮಾಡಿದೆ. ಸಾಗಿಸಲು ಸುಲಭವಾಗಲಿ ಎಂದು ಕಾಲಿಗೆ ಚಕ್ರ ಹಾಕಿದೆ. ಅಂಗಳದಲ್ಲಿ ಒಂದು ಚಕ್ರ ಮಣ್ಣಿನಲ್ಲಿ ಹೂತಿತು, ಯಂತ್ರ ಸಮೇತ ಉರುಳಿತು. ಎರಡು ಮಾರು ದೂರದಲ್ಲಿ ನನ್ನ ಮಗಳು ಚೆಂಡು ಆಯುತ್ತಿದ್ದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದ್ದು ಇದೇ ಶಾಲೆಯಲ್ಲಿ ಕಲಿತ ಸಮರೂಪ ತ್ರಿಭುಜ. ಬೇಸ್‌ಲೈನಿನಿಂದ ಬಲೆಗೆ 39 ಅಡಿ, ಬಲೆಯಿಂದ ಆಚೆಯ ಸರ್ವಿಸ್ ಗೆರೆಗೆ 21 ಅಡಿ, ಒಟ್ಟು 60. ಬೇಸ್‌ಲೈನಿನ ಮೇಲೆ 9 ಅಡಿ ಎತ್ತರದಿಂದ ಆ ಗೆರೆಗೆ ನೇರವಾಗಿ ದಾರ ಎಳೆದರೆ, ಬಲೆಯ ಹತ್ತಿರ ಅದರ ಎತ್ತರ 3 ಅಡಿಗಿಂತ ಸ್ವಲ್ಪವೇ ಹೆಚ್ಚು. ಬಲೆ ನಡುವೆ ಇರುವುದು 3 ಅಡಿ. ಅದೇ ದಾರ 20 ಅಡಿ ಮುಂದೆ ಬಂದಾಗ 6 ಅಡಿಯಲ್ಲಿರುತ್ತದೆ! ಅಂದರೆ ಯಂತ್ರವನ್ನು 20 ಅಡಿ ಮುಂದೆ ತಂದಿಟ್ಟು, ವೇಗವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದರೆ, ನಾಲ್ಕೂವರೆ ಅಡಿ ಸ್ಟ್ಯಾಂಡ್ ಸಾಕು.

ಈಗ ಮಾಡಿರುವುದು ಅದನ್ನೇ. ಕಾಲುಗಳು ಬುಡದಲ್ಲಿ ನಾಲ್ಕು ಅಡಿ ಅಗಲಕ್ಕೆ ಚಾಚಿವೆ, ಪಾದಕ್ಕೆ ಅಗಲವಾದ ತಗಡಿನ ತಟ್ಟೆ ಇದೆ. ಭಾರದ ಬ್ಯಾಟರಿ ಮೇಲಿಲ್ಲ, ಬುಡದಲ್ಲಿದೆ. ಚಕ್ರಗಳು ಸ್ಟ್ಯಾಂಡನ್ನು ಓರೆ ಮಾಡಿದಾಗ ಮಾತ್ರ ನೆಲ ಮುಟ್ಟುತ್ತವೆ. ಸಾಗಿಸುವ ಮುಂಚೆ ಯಂತ್ರವನ್ನು ಕೆಳಗಿಳಿಸಲೇಬೇಕು. ನಾಲ್ಕು ಬೋಲ್ಟ್ ಬಿಚ್ಚಿದರೆ ಇಡೀ ಸ್ಟ್ಯಾಂಡು ಕೊಠಡಿಯ ಮೂಲೆಯಲ್ಲಿ ನಿಲ್ಲುತ್ತದೆ. ಪ್ರಾರ್ಥನೆಗೆ, ಕಬಡ್ಡಿಗೆ ಬಯಲು ಬಯಲಾಗಿಯೇ ಇರುತ್ತದೆ.

ಗುರುಗಳಲ್ಲಿ ಒಂದೇ ಬಿನ್ನಹ. ಇದನ್ನು ಬೀರುವಿನಲ್ಲಿಟ್ಟು ಪೂಜೆ ಮಾಡಬೇಡಿ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ, ಬಲೆ ಕಟ್ಟಿ, ಸ್ಪ್ಯಾನರನ್ನು ಮಕ್ಕಳ ಕೈಗೆ ಕೊಡಿ. ಹತ್ತನೇ ತರಗತಿಯವರು ಅಳತೆ ಹಾಕಿ ನೋಡಲಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಹೇಳಲಿ, ತಿದ್ದಿಕೊಡುತ್ತೇನೆ.