ಮದ್ದು ಬಿಡುವ ಮುನ್ನ ಮಳೆಯ ಲೆಕ್ಕ

(ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ತೋಟಕ್ಕೆ ಕೊಳೆರೋಗ ಹೊಕ್ಕಿತೆಂದರೆ ವರ್ಷದ ದುಡಿಮೆ ಮರದ ಬುಡಕ್ಕೆ ಉದುರಿತೆಂದೇ ಅರ್ಥ. ಮುಂಗಾರಿಗೆ ಮುಂಚೆ ಒಮ್ಮೆ, ಅನಂತರ 40-45 ದಿನಗಳಿಗೆ ಮತ್ತೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು ತಮಗೆಲ್ಲ ತಿಳಿದದ್ದೇ. ತೊಡಕಿರುವುದು ಎರಡನೆಯ ಸಿಂಪರಣೆಯಲ್ಲಿ. ಆಗ ಆಟಿಯ ಮಳೆ. ಗೊನೆಯ ಮೇಲೆ ಮದ್ದು ಒಣಗುವ ಮೊದಲೇ ಮಳೆ ಬಂದರೆ ಮೈಲುತುತ್ತು, ಸುಣ್ಣ, ಮರ ಏರುವವರ ಕೂಲಿ ಎಲ್ಲವೂ ನೀರುಪಾಲು.

ಹೊಳವನ್ನು ಗುರುತಿಸಲು ಈಗ 'ಕ್ಲೌಡ್' ಎಂಬ ವ್ಯವಸ್ಥೆ ನೆರವಾಗುತ್ತಿದೆ. ಹೆಸರಿಗೆ ಮೋಡವಾದರೂ ಇದು ಆಕಾಶದಲ್ಲಿಲ್ಲ! ಮಾಹಿತಿಯನ್ನು ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ಶೇಖರಿಸಿ, ಲೆಕ್ಕವನ್ನೂ ಅಲ್ಲಿಯೇ ಮಾಡಿ, ಫಲಿತಾಂಶವನ್ನಷ್ಟೇ ಅಂತರ್ಜಾಲದ ಮೂಲಕ ರೈತನ ಮೊಬೈಲಿಗೆ ತಲುಪಿಸುವ ಕ್ರಮವಿದು.

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿದ್ದ, ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಇವು 15 ನಿಮಿಷಕ್ಕೊಮ್ಮೆ ಮಳೆಯ ಪ್ರಮಾಣವನ್ನು ಬೆಂಗಳೂರಿಗೆ ರವಾನಿಸುತ್ತವೆ. ಹವಾಮಾನ ಇಲಾಖೆಯ 'ಮೇಘದೂತ್' ಆ್ಯಪ್ 2019ರಲ್ಲಿ ಬಂದಿತು. ಜಿಲ್ಲೆಯ ಮುನ್ಸೂಚನೆ ಮತ್ತು ಬೆಳೆ ಸಲಹೆಗಳು ಅದರಲ್ಲಿ ದೊರೆಯುತ್ತವೆ.

ಆದರೆ ಮುನ್ಸೂಚನೆ ಬೇರೆ, ಅಳತೆ ಬೇರೆ. ಪಣಂಬೂರು, ಬಜ್ಪೆಗಳಲ್ಲಿ ಅಳೆದ ಮಳೆ ಸುಳ್ಯದ ಘಟ್ಟದ ಬುಡದ ತೋಟದ ಮಳೆಯಲ್ಲ. ಜಿಲ್ಲೆಗೆಲ್ಲ ಒಂದೇ ಮಾತಿನಲ್ಲಿ ಹೇಳಿದ್ದನ್ನು ತನ್ನ ತೋಟಕ್ಕೇ ಹೇಳಿದ್ದೆಂದು ಭಾವಿಸುವುದು ಸಲ್ಲದು. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದುಬಾರಿ. ಇಲಾಖೆಯ ಭಾಷೆಯಲ್ಲಿ 'ಭಾರಿ ಮಳೆ' ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆಯ ಎಚ್ಚರಿಕೆ ಇಲ್ಲವೆಂದ ಮಾತ್ರಕ್ಕೆ ಹೊಳವೆಂದು ತಿಳಿದು ದ್ರಾವಣ ಕಲಸಬಾರದು. ಹಸಿ ಮದ್ದು ತೊಳೆದುಹೋಗಲು ಅಷ್ಟು ಮಳೆ ಬೇಕಿಲ್ಲ, ಒಂದು ಸಾಧಾರಣ ಜಡಿ ಸಾಕು.

ಆದ್ದರಿಂದ ಮೊದಲು ಐದು ದಿನಗಳ ಮುನ್ಸೂಚನೆ ನೋಡಿ ಆಳುಗಳಿಗೆ ಹೇಳಿಡಿ. ಸಿಂಪಡಿಸುವ ದಿನ ಬೆಳಿಗ್ಗೆ ಸ್ವಂತ ಪಂಚಾಯಿತಿಯ ಜೊತೆಗೆ ಪಡುವಣ ದಿಕ್ಕಿನ ಪಂಚಾಯಿತಿಗಳ ಮಳೆಯನ್ನೂ ಗಮನಿಸಿ. ನಮ್ಮ ಮುಂಗಾರು ಕಡಲ ಕಡೆಯಿಂದಲೇ ಏರಿಬರುವುದಷ್ಟೆ. ಅಲ್ಲಿ ಮಳೆ ಸುರಿಯುತ್ತಿದ್ದರೆ ಸುಣ್ಣ ನೆನೆಹಾಕುವ ಅವಸರ ಬೇಡ. ಮೊಬೈಲು ಬಳಸದವರು ಕೇಂದ್ರದ 'ವರುಣಮಿತ್ರ' ಸಹಾಯವಾಣಿಗೆ ಕರೆಮಾಡಿ ವಿಚಾರಿಸಬಹುದು.

ತೋಟದಲ್ಲಿಯೂ ಒಂದು ಮಳೆಮಾಪಕವಿರಲಿ. ಬಯಲಿನಲ್ಲಿಟ್ಟ, ನೇರ ಬದಿಯ ಡಬ್ಬಿಯಾದರೂ ಅಡ್ಡಿಯಿಲ್ಲ, ಮರದ ಹನಿ ಬೀಳಬಾರದು ಅಷ್ಟೆ. ಪಂಚಾಯಿತಿಯ ಅಂಕಿಯೊಡನೆ ಹೋಲಿಸುವುದಾದರೆ ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡಿ. ದಿನದ ಮಳೆಯ ಲೆಕ್ಕ ಮುಗಿಯುವುದು ಆ ಹೊತ್ತಿಗೇ.